ಯೋಗವು ಯಾರ ಸೊತ್ತು?

ಶರನ್ನವರಾತ್ರಿಯ ಈ ಪರ್ವಕಾಲದಲ್ಲಿ ಜಗನ್ಮಾತೆಯ ಪಾದಾರವಿಂದಗಳಿಗೆ ವಂದಿಸಿ, ಆಸ್ತಿಕ ಬಂಧುಗಳ ಮುಂದೆ ಒಂದು ವಿಚಾರವನ್ನು ಅರಿಕೆಮಾಡಿಕೊಳ್ಳಲು ಅಪೇಕ್ಷಿಸುತ್ತೇನೆ. ಮಹಾನವಮಿಯಂದು ನಾವು ಆಯುಧಪೂಜೆಯನ್ನು ಮಾಡುತ್ತೇವೆ. ಕುಡುಗೋಲು ಕತ್ತಿಗಳಿಂದ ಮೊದಲ್ಗೊಂಡು ಕಾರು, ಸ್ಕೂಟರುಗಳವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮಗಳು ಸಲ್ಲುತ್ತವೆ. ಆದರೆ ಭಗವಂತನು ನಮಗೆ ದಯಪಾಲಿಸಿರುವ ಮೊದಲನೆಯ ಆಯುಧ ಈ ಶರೀರ, ಎರಡನೆಯದು ಮನಸ್ಸು. ಇವೆರಡನ್ನೂ ಹದಗೊಳಿಸಿ ಆತ್ಮದರ್ಶನಕ್ಕೆ ಯೋಗ್ಯವಾಗಿಸುವ ವಿದ್ಯೆಗೆ ನಮ್ಮ ಪೂರ್ವಿಕರು ಯೋಗವೆಂದು ಹೆಸರಿಟ್ಟರು.

ಈ ವಿದ್ಯೆಯು ಇಂದು ಜಗತ್ತಿನಲ್ಲೆಲ್ಲ ವ್ಯಾಪಿಸಿದೆ. 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ಜೂನ್ 21ನೆಯ ದಿನವನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಸಾರಿದಾಗ 177 ದೇಶಗಳು ಆ ನಿರ್ಣಯವನ್ನು ಒಡನಿದ್ದು ಮಂಡಿಸಿದವು. ಆದರೆ ಇದೇ ಕಾಲದಲ್ಲಿ ಒಂದು ವಿವಾದವೂ ಬೆಳೆದಿದೆ. ಅಮೆರಿಕದ ಅಲಬಾಮ ಸಂಸ್ಥಾನವು 1993ರಲ್ಲಿ ತನ್ನ ಸರ್ಕಾರಿ ಶಾಲೆಗಳಲ್ಲಿ ಯೋಗವನ್ನು ನಿಷೇಧಿಸಿತ್ತು. 2021ರಲ್ಲಿ ಆ ನಿಷೇಧವನ್ನು ಸಡಿಲಿಸಿದಾಗಲೂ ಆಸನಗಳಿಗೆ ಇಂಗ್ಲಿಷ್ ಹೆಸರುಗಳೇ ಇರಬೇಕು, ಮಂತ್ರವಿರಕೂಡದು, ‘ನಮಸ್ತೇ’ ಎನ್ನಲೂ ಕೂಡದು ಎಂಬ ಕಟ್ಟಳೆಗಳನ್ನು ವಿಧಿಸಿತು. ಇತ್ತ ನಮ್ಮವರಲ್ಲಿಯೂ ಎರಡು ಪಕ್ಷಗಳಿವೆ. ಯೋಗಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ, ಅದು ಬರಿಯ ವ್ಯಾಯಾಮ ಎಂಬುದು ಒಂದು ಪಕ್ಷ. ಅದು ನಮ್ಮದೇ ಸೊತ್ತು, ಅನ್ಯರಿಗೆ ಅದರಲ್ಲಿ ಹಕ್ಕಿಲ್ಲವೆಂಬುದು ಇನ್ನೊಂದು. ಇವುಗಳಲ್ಲಿ ಸತ್ಯ ಯಾವುದು?

ಮೊದಲನೆಯ ಪಕ್ಷವನ್ನು ಪರಿಶೀಲಿಸೋಣ. ಕಠೋಪನಿಷತ್ತಿನಲ್ಲಿ ಯಮಧರ್ಮನು ನಚಿಕೇತನಿಗೆ ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿ, ಇಂದ್ರಿಯಗಳ ಸ್ಥಿರಧಾರಣೆಯೇ ಯೋಗವೆಂದು ಉಪದೇಶಿಸುತ್ತಾನೆ. ಶ್ವೇತಾಶ್ವತರೋಪನಿಷತ್ತು ಧ್ಯಾನಕ್ಕೆ ಕುಳಿತುಕೊಳ್ಳುವ ಬಗೆಯನ್ನೂ, ತಕ್ಕ ಸ್ಥಳವನ್ನೂ ವಿವರಿಸುತ್ತದೆ. ಗೀತೆಯ ಹದಿನೆಂಟು ಅಧ್ಯಾಯಗಳಿಗೂ ಯೋಗವೆಂಬ ಹೆಸರಿದೆ. ಪತಂಜಲಿ ಮಹರ್ಷಿಗಳ ಯೋಗವು ನಮ್ಮ ಷಡ್ದರ್ಶನಗಳಲ್ಲಿ ಒಂದು. ಹೀಗಿರುವಲ್ಲಿ ಈ ವಿದ್ಯೆಗೂ ಸನಾತನಧರ್ಮಕ್ಕೂ ನಂಟಿಲ್ಲವೆನ್ನುವುದು, ತಾಯಿಯನ್ನು ಬಿಟ್ಟು ಮಗುವಿಗೆ ಜಾತಕ ಬರೆದಂತೆ.

ಇನ್ನು ಎರಡನೆಯ ಪಕ್ಷ. ಪತಂಜಲಿಗಳು ಹೇಳುವ ಐದು ಯಮಗಳಾದ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳು ಜೈನರ ಪಂಚಮಹಾವ್ರತಗಳೂ ಆಗಿವೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯು ನಿಂತಿರುವ ಕಾಯೋತ್ಸರ್ಗವು ಯೋಗಸ್ಥಿತಿಯೇ ಅಲ್ಲವೆ? ಬೌದ್ಧರ ಧ್ಯಾನಮಾರ್ಗವೂ ಇದೇ ಭರತಭೂಮಿಯಲ್ಲಿ ಮೊಳೆತದ್ದು. ಅಲ್ಲದೆ ಪತಂಜಲಿಗಳು ಈಶ್ವರಪ್ರಣಿಧಾನವನ್ನು ವಿಧಿಸಿದರೇ ಹೊರತು ಆ ಈಶ್ವರನು ಶಿವನೆಂದಾಗಲಿ ವಿಷ್ಣುವೆಂದಾಗಲಿ ಕಟ್ಟುಮಾಡಲಿಲ್ಲ. ಪ್ರಣವವನ್ನು ಮಾತ್ರ ಅವನ ವಾಚಕವೆಂದರು. ಮರದ ಬೇರು ನಮ್ಮ ಹಿತ್ತಿಲಲ್ಲಿದೆ, ನೆರಳು ಬೀದಿಗೂ ಚಾಚಿದೆ. ನೆರಳಿಗೆ ಬಂದವನ ಕುಲವನ್ನು ಕೇಳುವುದು ಸಲ್ಲದು. ಅವನೂ ಮರವೇ ಇಲ್ಲವೆನ್ನಬಾರದು. ಆದರೆ ಬೇರಿಗೆ ನೀರೆರೆಯುವ ಹೊಣೆ ಮನೆಯವರದು. ಆ ಹೊಣೆಯನ್ನು ನಾವು ನಿರ್ವಹಿಸುತ್ತಿದ್ದೇವೆಯೆ ಎಂಬುದೇ ನಿಜವಾದ ಪ್ರಶ್ನೆ.

ಯೋಗಸೂತ್ರಗಳು ಒಟ್ಟು 195. ಕೆಲವರ ಎಣಿಕೆಯಲ್ಲಿ 196. ಅವುಗಳಲ್ಲಿ ಆಸನವನ್ನು ನೇರವಾಗಿ ಕುರಿತವು ಮೂರೇ. ಅಷ್ಟಾಂಗಗಳಲ್ಲಿ ಆಸನವು ಮೂರನೆಯ ಮೆಟ್ಟಿಲು. ಅದಕ್ಕೆ ಮೊದಲು ಯಮ, ನಿಯಮಗಳೆಂಬ ಎರಡು ಮೆಟ್ಟಿಲುಗಳಿವೆ. ಯಮಗಳು ಜಾತಿ, ದೇಶ, ಕಾಲ, ಸಂದರ್ಭಗಳ ಮಿತಿಗೆ ಒಳಪಡದೆ ಪಾಲಿತವಾದಾಗ ಸಾರ್ವಭೌಮ ಮಹಾವ್ರತವೆನಿಸುತ್ತವೆ ಎಂಬುದು ಮಹರ್ಷಿಗಳ ಅಭಿಪ್ರಾಯ. ಇದನ್ನು ವ್ಯಾಸಭಾಷ್ಯವು ಬಹು ಸೊಗಸಾಗಿ ವಿಶದಪಡಿಸುತ್ತದೆ. ಬೆಸ್ತನು ಮೀನನ್ನಲ್ಲದೆ ಬೇರೊಂದನ್ನು ಕೊಲ್ಲೆನೆಂದರೆ ಅದು ಜಾತಿಯಿಂದ ಮಿತವಾದ ಅಹಿಂಸೆ. ತೀರ್ಥದಲ್ಲಿ ಕೊಲ್ಲೆನೆಂದರೆ ದೇಶದಿಂದ, ಚತುರ್ದಶಿಯಂದು ಕೊಲ್ಲೆನೆಂದರೆ ಕಾಲದಿಂದ ಮಿತವಾದದ್ದು.

ನಗರವಾಸಿಗಳಾದ ನಾವು ಆ ಬೆಸ್ತನನ್ನು ಕಂಡು ನಗುವಂತಿಲ್ಲ. ಮನೆಯಲ್ಲಿ ಸತ್ಯ, ಕಚೇರಿಯ ಲೆಕ್ಕದಲ್ಲಿ ಬೇರೊಂದು. ದೇವರ ಮುಂದೆ ಅಪರಿಗ್ರಹದ ಮಾತು, ಅಂಗಡಿಯ ಮುಂದೆ ತೀರದ ಆಸೆ. ನೆಂಟರಿಷ್ಟರಲ್ಲಿ ಮೃದುನುಡಿ, ಮನೆಗೆಲಸಕ್ಕೆ ಬರುವಾಕೆಯಲ್ಲಿ ಕಟುನುಡಿ. ನಮ್ಮ ವ್ರತಗಳಿಗೂ ದೇಶಕಾಲಗಳ ಬೇಲಿ ಬಿದ್ದಿದೆ. ಮುಂಜಾನೆ ಉದ್ಯಾನದಲ್ಲಿ ಸೂರ್ಯನಮಸ್ಕಾರ ಮಾಡಿದ ದೇಹವು ಒಂಬತ್ತು ಗಂಟೆಯ ರೈಲಿನಲ್ಲಿ ಪಕ್ಕದವನನ್ನು ತಳ್ಳಿ ನುಗ್ಗುವುದಾದರೆ, ಬಾಗಿದ್ದು ಬೆನ್ನು ಮಾತ್ರ, ಮನಸ್ಸಲ್ಲವೆಂದಾಯಿತು.

ಶರೀರಸಿದ್ಧಿಯನ್ನೇ ಪರಮವೆಂದು ಭಾವಿಸಿದರೆ ಏನಾಗುವುದೆಂಬುದಕ್ಕೆ ಕನ್ನಡಿಗರಿಗೆ ಅಲ್ಲಮಪ್ರಭು ಗೋರಕ್ಷರ ಕಥೆಯಿದೆ. ಗೋರಕ್ಷನು ಸಾಧನೆಯಿಂದ ತನ್ನ ಕಾಯವನ್ನು ವಜ್ರವಾಗಿಸಿಕೊಂಡಿದ್ದನು. ಅವನನ್ನು ಕತ್ತಿಯಿಂದ ಹೊಡೆದರೆ ಕೂದಲೂ ಕೊಂಕಲಿಲ್ಲ, ಖಣಿಖಣಿಲೆಂಬ ಸದ್ದಾಯಿತು. ಅದೇ ಕತ್ತಿಯನ್ನು ಅವನು ಪ್ರಭುದೇವರ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ಸದ್ದೂ ಇಲ್ಲ, ತಡೆಯೂ ಇಲ್ಲ. ಗೋರಕ್ಷನ ಗರ್ವವು ಕರಗಿ ಅವನು ಪ್ರಭುವಿಗೆ ಶರಣಾದನು. ಕಾಯವು ಗಟ್ಟಿಯಾದಷ್ಟಕ್ಕೆ ‘ನಾನು’ ಎಂಬುದು ಅಳಿಯುವುದಿಲ್ಲ. ಅದು ಅಳಿಯದೆ ಯೋಗವು ಪೂರ್ಣವಾಗುವುದಿಲ್ಲ ಎಂಬುದು ಈ ಕಥೆಯ ತಾತ್ಪರ್ಯ.

ಹಾಗೆಂದು ಆಸನಗಳನ್ನು ಹಗುರವಾಗಿ ಎಣಿಸಬಾರದು. ಇಂದು ಲೋಕವೇ ಕಲಿಯುತ್ತಿರುವ ಆಸನಪದ್ಧತಿಗಳ ಹಿರಿದಾದ ಒಂದು ಧಾರೆ ಹರಿದದ್ದು ನಮ್ಮ ಮೈಸೂರಿನಿಂದ. ಚಿತ್ರದುರ್ಗ ಸೀಮೆಯಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಗೆ ಎಡೆಮಾಡಿಕೊಟ್ಟರು. ಆಚಾರ್ಯರು ತಮ್ಮ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ರಚಿಸಿದರು, ಮುಂದೆ ಮದರಾಸಿನಲ್ಲಿ ನೆಲೆಸಿ 1989ರಲ್ಲಿ ದೇಹವನ್ನು ಬಿಡುವವರೆಗೂ ಯೋಗದೊಡನೆ ವೇದಾಧ್ಯಯನವನ್ನೂ ಭಗವದಾರಾಧನೆಯನ್ನೂ ನಡೆಸಿಕೊಂಡು ಬಂದರು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಬಂದಾಗ ಇನ್ನೂ ಇಪ್ಪತ್ತು ತುಂಬದ ತರುಣರು. ಪರನಾಡಿನಲ್ಲಿ ಬಡತನವನ್ನು ಸಹಿಸಿ, 2014ರಲ್ಲಿ ದೈವಾಧೀನರಾಗುವವರೆಗೂ ಅಲ್ಲಿಯೇ ನಿಂತು ಎಲ್ಲ ಮತಗಳವರಿಗೂ ವಿದ್ಯೆಯನ್ನು ಧಾರೆಯೆರೆದರು. ಬಂದವನ ಮತವನ್ನು ಕೇಳಲಿಲ್ಲ. ಪತಂಜಲಿಗಳಿಗೆ ಸಲ್ಲಬೇಕಾದ ವಂದನೆಯನ್ನು ಬಿಡಲೂ ಇಲ್ಲ. ಊರು ಬಿಟ್ಟು ಬಂದು ನೆಲೆಸಿರುವ ನಮಗೆ ಇದಕ್ಕಿಂತ ಹತ್ತಿರದ ಆದರ್ಶವುಂಟೆ?

ಆದುದರಿಂದ ಯೋಗವು ನಮ್ಮದೋ ಅಲ್ಲವೋ ಎಂದು ವಾದಿಸುವುದಕ್ಕಿಂತ ನಾವು ಯೋಗಕ್ಕೆ ಸೇರಿದವರೋ ಅಲ್ಲವೋ ಎಂದು ನೋಡಿಕೊಳ್ಳುವುದು ಲೇಸು. ಮಕ್ಕಳನ್ನು ಯೋಗದ ತರಗತಿಗೆ ಕಳುಹಿಸುವ ತಂದೆತಾಯಿಗಳು ಐದು ಯಮಗಳ, ಐದು ನಿಯಮಗಳ ಹೆಸರನ್ನೂ ಅವರಿಗೆ ಕಲಿಸಲಿ. ಅವುಗಳಲ್ಲಿ ಒಂದನ್ನಾದರೂ ಮಕ್ಕಳು ಮನೆಯಲ್ಲಿ ಕಣ್ಣಾರೆ ಕಾಣುವಂತೆ ತಾವು ನಡೆಯಲಿ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನಗಳಿಗೆ ಕಾಡೂ ಬೇಕಿಲ್ಲ, ಆಶ್ರಮವೂ ಬೇಕಿಲ್ಲ. ಎರಡು ಕೋಣೆಗಳ ಮನೆಯೂ ಸಾಕು. ವಿಜಯದಶಮಿಯಂದು ಅಂತಹ ಒಂದು ಸಂಕಲ್ಪವನ್ನು ಕೈಗೊಂಡರೆ ನಾವು ಮಾಡಿದ ಆಯುಧಪೂಜೆ ಸಾರ್ಥಕ.

ಮಹಾವಿಷ್ಣುವಿನ ಕಣ್ಣುಗಳಲ್ಲಿ ಯೋಗನಿದ್ರೆಯಾಗಿ ನೆಲೆಸಿ, ಬ್ರಹ್ಮನ ಮೊರೆಗೆ ಓಗೊಟ್ಟು ಅವನನ್ನು ಎಚ್ಚರಗೊಳಿಸಿದ ಆ ಮಹಾದೇವಿಯು ನಮ್ಮೊಳಗೆ ಮಲಗಿರುವ ವಿವೇಕವನ್ನೂ ಎಚ್ಚರಿಸಲಿ, ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.