ಮಣ್ಣು ಕೊಡಲಾಗದ ಸಾವು

ಜತ್ತ ತಾಲೂಕಿನ ಸೋನ್ಯಾಳ, ಅದರಾಚೆಯ ಗುಡ್ಡಾಪುರದ ದಾನಮ್ಮನ ಸೀಮೆ: ಇಲ್ಲಿನ ಲಿಂಗಾಯತ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮುಂದೇನು ಎಂದು ಯಾರೂ ಕೇಳಬೇಕಾಗಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕುಳಿತ ಭಂಗಿಯಲ್ಲೇ ಕುಣಿಯೊಳಗೆ ಇಳಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ಬಂದವರು ಒಂದೊಂದು ಹಿಡಿ ಮಣ್ಣು ಕೊಟ್ಟು ಮನೆಗೆ ತಿರುಗುತ್ತಾರೆ. ಇದೇ ಸೀಮೆಯ ಮರಾಠರಲ್ಲಿ ಚಿತೆ, ಮುಸಲ್ಮಾನರಲ್ಲಿ ಜನಾಜಾ. ಪದ್ಧತಿ ಯಾವುದಾದರೂ ಒಂದು ದೇಹ ಬೇಕು. ಮಗ ಯುದ್ಧಕ್ಕೆ ಹೋಗಿ, ವಿಮಾನ ಆಕಾಶದಲ್ಲೇ ಕಾಣೆಯಾಗಿ, ಮನೆಗೆ ಬರೀ ಒಂದು ತಂತಿ ಬಂದರೆ? ಆ ಮನೆಯವರು ಅಳಬೇಕೋ ಕಾಯಬೇಕೋ?

ಕನ್ನಡ ನಾಡಿನ ಒಂದು ಮನೆತನ ಈ ಪ್ರಶ್ನೆಯನ್ನು ಎರಡು ದಶಕಕ್ಕೂ ಮಿಕ್ಕಿ ಹೊತ್ತಿತ್ತು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳ ತಂಡವೊಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಿತು. ದೇವಯ್ಯ ಆ ತಂಡದಲ್ಲಿ ಮೀಸಲು ಪೈಲಟ್. ಒಂದು ವಿಮಾನ ಹಿಂದೆ ಉಳಿದಾಗ ಅದರ ಜಾಗಕ್ಕೆ ಸೇರಿಕೊಂಡವರು. ಅವರು ಹಿಂತಿರುಗಲಿಲ್ಲ. ಎಲ್ಲಿ ಬಿದ್ದರು, ಹೇಗೆ ಬಿದ್ದರು, ಸೆರೆ ಸಿಕ್ಕರೋ ಎಂಬುದಕ್ಕೆ ಜೊತೆಯವರ ಬಳಿಯೂ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಶತ್ರುವಿನ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ದಾಖಲೆಗಳನ್ನು ಆಧರಿಸಿ 1965ರ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಕಾಳಗದ ವರ್ಣನೆಯಿತ್ತು. ಅಂದು ಬೆಳಗ್ಗೆ ಶಬ್ದಕ್ಕಿಂತ ಇಮ್ಮಡಿ ವೇಗದ ಎಫ್-104 ಸ್ಟಾರ್‌ಫೈಟರ್ ಒಂದು ಮಿಸ್ಟೇರನ್ನು ಬೆನ್ನಟ್ಟಿತು. ಪೆಟ್ಟು ತಿಂದರೂ ಆ ಹಳೆಯ ವಿಮಾನ ಓಡಿಹೋಗದೆ ತಿರುಗಿ ನಿಂತು ಸ್ಟಾರ್‌ಫೈಟರನ್ನೇ ಹೊಡೆದುರುಳಿಸಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಿಂದ ಇಳಿದು ಬದುಕಿದರು. ಆ ದಾಳಿಯಿಂದ ಮರಳದ ಮಿಸ್ಟೇರ್ ಯಾರದ್ದೆಂದು ಭಾರತದ ಕಡೆ ಲೆಕ್ಕ ಹಾಕಿದವರಿಗೆ ಅದು ದೇವಯ್ಯನವರದೇ ಎಂದು ಹೊಳೆಯಿತು. ತಂಡದ ನಾಯಕರಾಗಿದ್ದ ಒ.ಪಿ. ತನೇಜಾ ಅವರಂಥವರು ಬೆನ್ನುಹತ್ತಿದ ಮೇಲೆ 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಮಹಾವೀರ ಚಕ್ರ ಬಂತು. ದೇವಯ್ಯನವರ ದೇಹವನ್ನು ಅಲ್ಲಿನ ಹಳ್ಳಿಗರೇ ಹೊಲದಲ್ಲಿ ಮಣ್ಣು ಮಾಡಿದರೆಂಬ ವರದಿಗಳೂ ಆಮೇಲೆ ಬಂದವು. ಕಾವೇರಿ ಸೀಮೆಯ ಮಗನಿಗೆ ಮಣ್ಣು ಸಿಕ್ಕಿದ್ದು ಗಡಿಯಾಚೆಯ ಅಪರಿಚಿತ ರೈತರ ಕೈಯಿಂದ.

ದೇಹ ಸಿಗದ ಸಾವಿನ ಬಗ್ಗೆ ನಮ್ಮ ಧರ್ಮಗ್ರಂಥಗಳು ಸುಮ್ಮನೆ ಕೂತಿಲ್ಲ. ಸೋನ್ಯಾಳದವರು ವಾರಿಗೆಂದು ಹೋಗುವ ಪಂಢರಪುರದಲ್ಲೇ 18ನೇ ಶತಮಾನದ ಕೊನೆಗೆ ಕಾಶೀನಾಥ ಉಪಾಧ್ಯಾಯರು ‘ಧರ್ಮಸಿಂಧು’ ಬರೆದರು. ಅದೂ ಅದರಂಥ ನಿಬಂಧ ಗ್ರಂಥಗಳೂ ಹೇಳುವ ಸಾಮಾನ್ಯ ನಿಯಮ ಇದು: ಊರು ಬಿಟ್ಟವನ ಸುದ್ದಿ 12 ವರ್ಷ ಬಾರದಿದ್ದರೆ ದರ್ಭೆ ಮತ್ತು ಮುತ್ತುಗದ ಎಲೆದಂಟುಗಳಿಂದ ಮನುಷ್ಯಾಕೃತಿ ಮಾಡಿ ಸುಡಬೇಕು. ಒಟ್ಟು 360 ದಂಟು. ತಲೆಗೆ ಇಷ್ಟು, ಎದೆಗೆ ಇಷ್ಟು, ಕಾಲಿಗೆ ಇಷ್ಟು ಎಂಬ ಲೆಕ್ಕವೂ ಇದೆ. ಸತ್ತ ತಿಥಿ ತಿಳಿಯದವರ ಶ್ರಾದ್ಧಕ್ಕೆ ಮಹಾಲಯ ಅಮಾವಾಸ್ಯೆ, ಆಯುಧದಿಂದ ಸತ್ತವರಿಗೆ ಅದರ ಹಿಂದಿನ ಚತುರ್ದಶಿ. ಮಗ ಗುಂಡಿಗೆ ಸತ್ತನೋ ಸೆರೆಯಲ್ಲಿ ಸತ್ತನೋ ತಿಳಿಯದ ತಾಯಿಗೆ ಯಾವ ದಿನ ಎಡೆ ಇಡಬೇಕೆಂಬುದೂ ಗೊತ್ತಾಗುವುದಿಲ್ಲ.

ಸುಟ್ಟ ಮೇಲೆ ಅವನೇ ಬಂದುಬಿಟ್ಟರೆ? ಶಾಸ್ತ್ರಕಾರರು ಇದನ್ನೂ ಯೋಚಿಸಿದ್ದರು. ಬಂದವನನ್ನು ತುಪ್ಪದಲ್ಲಿ ಮುಳುಗಿಸಿ ತೆಗೆದು, ಜಾತಕರ್ಮದಿಂದ ಹಿಡಿದು ಎಲ್ಲ ಸಂಸ್ಕಾರಗಳನ್ನೂ ಹೊಸದಾಗಿ ಮಾಡಿ, ತನ್ನ ಹೆಂಡತಿಯನ್ನೇ ಇನ್ನೊಮ್ಮೆ ಮದುವೆಯಾಗಿಸಬೇಕು. ಇದನ್ನು ಬರೆದವರಿಗೆ ಮನುಷ್ಯರ ಮನಸ್ಸು ಗೊತ್ತಿತ್ತು: ಚಿತೆಗೆ ಬೆಂಕಿ ಇಟ್ಟ ಮೇಲೂ ಬಾಗಿಲಿಗೆ ಅಗಳಿ ಹಾಕಲು ಅವರು ಹೇಳಲಿಲ್ಲ.

ಕಾನೂನಿಗೂ ತನ್ನದೇ ಲೆಕ್ಕವಿದೆ. 1872ರ ಸಾಕ್ಷ್ಯ ಕಾಯ್ದೆಯ ಪ್ರಕಾರ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ, 7 ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಗಂಡನ ಸುಳಿವು 4 ವರ್ಷ ಸಿಗದಿದ್ದರೆ ಮುಸ್ಲಿಂ ಹೆಂಗಸು ವಿವಾಹ ವಿಚ್ಛೇದನ ಕೇಳಬಹುದೆಂದು 1939ರ ಕಾಯ್ದೆ ಹೇಳುತ್ತದೆ. ಈ ಹನ್ನೆರಡು, ಏಳು, ನಾಲ್ಕು ಎಲ್ಲವೂ ಉಳಿದವರು ಬದುಕಲೆಂದು ಕೊಟ್ಟ ಅಪ್ಪಣೆಗಳು. ದೊಡ್ಡ ಕರುಣೆಯ ಮಾತೇ ಸರಿ. ಆದರೆ ಏನಾಯಿತು ಎಂಬುದನ್ನು ಇವು ಯಾವುವೂ ಹೇಳುವುದಿಲ್ಲ.

1971ರ ಯುದ್ಧದಲ್ಲಿ, ಡಿಸೆಂಬರ್ 5ರಂದು, ಫ್ಲೈಟ್ ಲೆಫ್ಟಿನೆಂಟ್ ವಿಜಯ ವಸಂತ ತಾಂಬೆ ಅವರ ವಿಮಾನ ಪಾಕಿಸ್ತಾನದಲ್ಲಿ ಉರುಳಿತು. ಅವರ ಪತ್ನಿ ದಮಯಂತಿ ತಾಂಬೆ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಸೆರೆ ಸಿಕ್ಕ ಭಾರತೀಯ ಪೈಲಟ್‌ಗಳ ಬಗ್ಗೆ ಢಾಕಾದ ಪತ್ರಿಕೆಯೊಂದರಲ್ಲಿ ಬಂದ ಸುದ್ದಿಯಲ್ಲಿ ‘ತಾಂಬೆ’ಯನ್ನು ಹೋಲುವ ಹೆಸರಿತ್ತು. ಹೀಗೆ ಕಾಣೆಯಾಗಿ ಪಾಕಿಸ್ತಾನದ ಸೆರೆಯಲ್ಲಿರಬಹುದೆಂದು ನಂಬಿದವರ ಪಟ್ಟಿ 54ಕ್ಕೆ ಮುಟ್ಟಿತು. ಅವರ ಮನೆಯವರು 1983ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಪಾಕಿಸ್ತಾನಕ್ಕೆ ಹೋಗಿ ಜೈಲುಗಳಲ್ಲಿ ವಿಚಾರಿಸಿದರು. ಅಂಥ ಕೈದಿಗಳು ತನ್ನಲ್ಲಿಲ್ಲ ಎಂಬುದು ಪಾಕಿಸ್ತಾನದ ಉತ್ತರ. ಇಂಥ ಸುಳಿವು ಕೈಯಲ್ಲಿರುವವರಿಗೆ ಹನ್ನೆರಡು ವರ್ಷ ಆಯಿತು, ಕರ್ಮ ಮುಗಿಸಿ ಎಂದರೆ ಅದು ಸಾಂತ್ವನವಲ್ಲ. ಬದುಕಿರಬಹುದಾದವನನ್ನು ಕೈಯಾರೆ ಸುಡಿ ಎಂದಂತಾಗುತ್ತದೆ.

ಇಲ್ಲಿ ಶರಣ ತತ್ವದಿಂದ ಒಂದು ಗಟ್ಟಿ ಆಕ್ಷೇಪ ಎದ್ದು ನಿಲ್ಲುತ್ತದೆ. ಲಿಂಗದೊಳಗೆ ಐಕ್ಯವಾದವನಿಗೆ ಪಿಂಡ ಬೇಡ, ಶ್ರಾದ್ಧ ಬೇಡ, ಪ್ರೇತವಾಗಿ ಅಲೆಯುವ ಭಯವಿಲ್ಲ. ಜೀವ ಹೋದ ಮೇಲೆ ಈ ದೇಹ ಹಿಮದಲ್ಲಿದ್ದರೇನು, ಕಡಲಲ್ಲಿದ್ದರೇನು? ಎಲುಬು ಹುಡುಕಿಕೊಂಡು ಹೋಗುವುದು ಮೋಹವಲ್ಲವೇ?

ಈ ಆಕ್ಷೇಪವೇ ವಿಷಯವನ್ನು ತಿಳಿಮಾಡುತ್ತದೆ. ಸತ್ತವನ ಸದ್ಗತಿಗಾಗಿ ದೇಹ ಬೇಕಿಲ್ಲ ಎಂದು ಒಪ್ಪಿದ ಮನೆಯಲ್ಲೂ ‘ನಮ್ಮ ಹುಡುಗನಿಗೆ ಏನಾಯಿತು’ ಎಂಬ ಪ್ರಶ್ನೆ ಹೋಗುವುದಿಲ್ಲ. ಹಾಗಿದ್ದರೆ ಅದು ಕರ್ಮಕಾಂಡದ ಹಸಿವಲ್ಲ, ಬರೀ ಮೋಹವೂ ಅಲ್ಲ. ಅದು ಸತ್ಯದ ಋಣ. ಕನ್ನಡ ನಾಡಿನ ವೀರಗಲ್ಲುಗಳೂ ಇದನ್ನೇ ಬಲ್ಲವು. ಅನೇಕ ಕಲ್ಲುಗಳ ಮೇಲಿನ ಪಟ್ಟಿಕೆಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಸ್ವರ್ಗ ಸಿಕ್ಕಿತೆಂದು ಕೆತ್ತಿದ ಮೇಲೂ ಕಂಡರಿಸಿದವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾರ ಮಗ, ಯಾವ ತುರುಗೋಳಿನಲ್ಲಿ ಬಿದ್ದ, ಕಲ್ಲು ನಿಲ್ಲಿಸಿದವರು ಯಾರು ಎಂದೂ ಬರೆಸಿದರು. ಸಾವಿಗೆ ಒಂದು ಸ್ಥಳ, ಒಂದು ಕಾರಣ, ಒಬ್ಬ ಸಾಕ್ಷಿ ಇರಬೇಕೆಂಬ ಹಟ ಅದು. ಇದಕ್ಕೆ ತದ್ವಿರುದ್ಧವಾಗಿ, ಬಸ್ರಾದ ಸ್ಮಾರಕದಲ್ಲಿ ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಹೆಸರು ಕೊರೆದ ಸಾಮ್ರಾಜ್ಯ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಪಲ್ಟಣಿಯ ಲೆಕ್ಕದಲ್ಲಿ ಬರೀ ಸಂಖ್ಯೆಯಾಗಿಸಿತು. ಮೆಸೊಪೊಟೇಮಿಯಾದಲ್ಲಿ ಮರಾಠಾ ಪಲ್ಟಣಿಗಳೂ ಹೋರಾಡಿದ್ದವು. ಆ ಸಂಖ್ಯೆಯೊಳಗೆ ಎಷ್ಟು ಹಳ್ಳಿಗಳ ಮಕ್ಕಳು ಕರಗಿದರೆಂಬುದು ನೋವಿನ ಮಾತು.

ಬೇಕೆಂದರೆ ಹುಡುಕಬಹುದು, ಎಷ್ಟು ತಡವಾದರೂ. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿಗೆ ಹೊರಟ ಅಮೆರಿಕದ ಲಿಬರೇಟರ್ ಬಾಂಬರ್ ಒಂದು ಎಂಟು ಮಂದಿಯೊಂದಿಗೆ ಮಾಯವಾಯಿತು. ಕ್ಲೇಟನ್ ಕೂಲ್ಸ್ ಎಂಬ ಪರ್ವತಾರೋಹಿ 2006ರಲ್ಲಿ ಅರುಣಾಚಲದ ಬೆಟ್ಟದಲ್ಲಿ ಅದರ ಅವಶೇಷ ಕಂಡರು. ಆ ಎಂಟು ಮನೆಗಳ ಮುಂದಿನ ತಲೆಮಾರಿನವರು ಅಮೆರಿಕ, ಭಾರತ ಎರಡೂ ಸರ್ಕಾರಗಳ ಬೆನ್ನುಬಿಡಲಿಲ್ಲ. ಸ್ಥಳೀಯ ಆದಿ ಜನರ ನೆರವಿನಿಂದ ಸಿಕ್ಕ ಎಲುಬುಗಳಲ್ಲಿ ಒಬ್ಬರ ಗುರುತು ಹತ್ತಿ, 2017ರಲ್ಲಿ ಅವರ ಊರಲ್ಲಿ ಅಂತ್ಯಕ್ರಿಯೆ ನಡೆಯಿತು. ನಮ್ಮದೇ ಎಎನ್-12 ವಿಮಾನ 1968ರ ಫೆಬ್ರವರಿ 7ರಂದು 102 ಮಂದಿಯೊಂದಿಗೆ ಹಿಮಾಚಲದಲ್ಲಿ ಕಾಣೆಯಾಗಿತ್ತು. ಮನಾಲಿಯ ಪರ್ವತಾರೋಹಣ ಸಂಸ್ಥೆಯ ತಂಡಕ್ಕೆ 2003ರಲ್ಲಿ ಅದರ ಸುಳಿವು ಸಿಕ್ಕಿತು. 2024ರಲ್ಲಿ ಸೇನೆ ಅಲ್ಲಿಂದ ಇನ್ನೂ ನಾಲ್ಕು ದೇಹಗಳನ್ನು ತಂದಿತು. ಅದರಲ್ಲೊಬ್ಬ ಕೇರಳದ 22ರ ಯುವಕ; 56 ವರ್ಷ ಕಳೆದು ಊರಿನ ಚರ್ಚಿನಲ್ಲಿ ಅವನಿಗೆ ಮಣ್ಣಾಯಿತು.

ಸತ್ತ ಶತ್ರುವಿನ ಗುರುತು ದಾಖಲಿಸಿ, ಗೋರಿಯನ್ನು ಗುರುತಿಸಿ, ಎದುರು ದೇಶಕ್ಕೆ ತಿಳಿಸಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಭಾರತ, ಪಾಕಿಸ್ತಾನ ಎರಡೂ ಅದಕ್ಕೆ ಬದ್ಧ. ಮನೆಯವರಿಗೆ ತಮ್ಮವರ ಗತಿ ತಿಳಿಯುವ ಹಕ್ಕಿದೆ ಎಂದು ನೇರವಾಗಿ ಹೇಳುವ 1977ರ ಹೆಚ್ಚುವರಿ ಒಡಂಬಡಿಕೆಗೆ ಭಾರತ ಸೇರಿಲ್ಲ. ಪಾಕಿಸ್ತಾನ ಸಹಿ ಹಾಕಿಯೂ ಅನುಮೋದಿಸಿಲ್ಲ. ಎದುರು ಪಕ್ಷದ ಒಂದೇ ಪುಸ್ತಕ ದೇವಯ್ಯನವರ ಕಥೆಯನ್ನು ಹೊರಗೆ ತಂದಿತು ಎಂದಾದರೆ, ಎರಡೂ ವಾಯುಪಡೆಗಳು 1965 ಮತ್ತು 1971ರ ಕಡತಗಳನ್ನು ಒಂದೇ ಮೇಜಿನ ಮೇಲೆ ಹರಡಿದರೆ ಎಷ್ಟು ಮನೆಗಳಿಗೆ ಉತ್ತರ ಸಿಗಬಹುದು. ಈ ಕೆಲಸ ಬೇಗ ಆಗಬೇಕು. ಎಲುಬು ಸಿಕ್ಕರೂ ಡಿಎನ್‌ಎ ಹೋಲಿಸಲು ರಕ್ತಸಂಬಂಧಿಗಳು ಬೇಕು. 1971ರಲ್ಲಿ ಕಾಣೆಯಾದವರ ಅಕ್ಕ ತಂಗಿ, ಅಣ್ಣ ತಮ್ಮಂದಿರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.