ಇಂದಿನ ಧಮ್ಮ ಚಿಂತನೆ: ಮಗುವಿಗೊಂದು ಉದ್ದನೆಯ ಹೆಸರು



ನಮ್ಮಲ್ಲಿ ಪದೇ ಪದೇ ಬರುವ ಕೋರಿಕೆ ಒಂದಿದೆ. "ಮನೆಯಲ್ಲಿ ಮಗು ಹುಟ್ಟಿದೆ, ಬೌದ್ಧ ಹೆಸರು ಹೇಳಿ. ಸ್ವಲ್ಪ ಉದ್ದವಾಗಿರಲಿ, ಗಂಭೀರವಾಗಿರಲಿ." ಧಮ್ಮಪ್ರಿಯ, ಸಂಘಮಿತ್ರ, ಉತ್ಪಲವರ್ಣ, ಬೋಧಿಸತ್ವ ಎಂದು ಪಟ್ಟಿ ಬೆಳೆಯುತ್ತದೆ. "ಇಷ್ಟುದ್ದದ ಹೆಸರು ಕೂಗಿ ಮುಗಿಸೋದ್ರೊಳಗೆ ಮಗು ಸಂತೆಗೆ ಹೋಗಿ ಬಂದಿರುತ್ತೆ" ಎಂದು ನಗುವವರೂ ಇದ್ದಾರೆ. ನಗಲಿ. ಆದರೆ ಈ ಆಸೆ ನಮಗೆ ಎಲ್ಲಿಂದ ಬಂತು ಎಂದು ಇವತ್ತು ಯೋಚಿಸೋಣ.

*ಎರಡಕ್ಷರದ ಬಾಕಿ*

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ನಾಮಕರಣದ ನಿಯಮವಿದೆ. ಬ್ರಾಹ್ಮಣನ ಹೆಸರು ಮಂಗಳವನ್ನು, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಬೇಕು. ಶೂದ್ರನ ಹೆಸರು ಮಾತ್ರ ಹೇಸಿಗೆ ಹುಟ್ಟಿಸುವಂತಿರಬೇಕು. ಹಾಗಾದರೆ ವರ್ಣದ ಆಚೆಗೇ ತಳ್ಳಿದವರ ಪಾಡೇನು? 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟ ಪುಸ್ತಕದೊಳಗೆ ಈ ನಿಯಮವೂ ಇತ್ತು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯ ಹಳೆಯ ಹೆಸರುಗಳನ್ನು ನೆನೆಯಿರಿ. ಕರಿಯ, ಕೆಂಚ, ಮಾರ, ತಿಪ್ಪ. ಇವೆಲ್ಲ ಅವಮಾನಕ್ಕೆಂದೇ ಇಟ್ಟವಲ್ಲ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಕೂಸನ್ನು ತಿಪ್ಪೆಯಲ್ಲಿ ಹೊರಳಿಸಿ ತಿಪ್ಪ, ತಿಪ್ಪಮ್ಮ ಎಂದು ಕರೆದದ್ದು ತಾಯಿಯ ಸಂಕಟ, ಸಾವಿನ ಕಣ್ಣು ತಪ್ಪಿಸುವ ಉಪಾಯ. ಬೇರೆ ಜಾತಿಗಳಲ್ಲೂ ಈ ಹೆಸರುಗಳಿದ್ದವು. ವ್ಯತ್ಯಾಸ ಇದ್ದದ್ದು ಹೆಸರಿನ ಬಾಲದಲ್ಲಿ. ಊರೊಳಗಿನವರು ಕರಿಯಪ್ಪ, ತಿಪ್ಪೇಗೌಡ. ಕೇರಿಯವರು ಎಪ್ಪತ್ತು ವರ್ಷದ ಮುದುಕರಾದರೂ "ಲೇ ಕರಿಯಾ". ಹತ್ತು ವರ್ಷದ ಹುಡುಗನ ಬಾಯಲ್ಲೂ ಅದೇ ಏಕವಚನ. 'ಅಪ್ಪ', 'ಅಮ್ಮ' ಎಂಬ ಎರಡಕ್ಷರ ಕೊಡುವುದಕ್ಕೂ ಊರಿನ ನಾಲಿಗೆ ಏಳಲಿಲ್ಲ.

ಇಂದಿನ ತಾಯ್ತಂದೆಯರು ಆರಕ್ಷರದ ಹೆಸರು ಹುಡುಕುವುದು ಬರೀ ಶೋಕಿಯಲ್ಲ. ಅದು ಆ ಎರಡಕ್ಷರದ ಬಾಕಿ ವಸೂಲಿ.

*ಪಾಪಕನ ಕಥೆ*

ಆದರೆ ನಮ್ಮ ಪರಂಪರೆಯಲ್ಲೇ ಬೇರೆ ಮಾತೂ ಇದೆ. ಜಾತಕ ಕಥೆಗಳಲ್ಲಿ 97ನೆಯದು ನಾಮಸಿದ್ಧಿ ಜಾತಕ. ತಕ್ಷಶಿಲೆಯ ಗುರುವೊಬ್ಬರ ಬಳಿ ಪಾಪಕ ಎಂಬ ಶಿಷ್ಯನಿದ್ದ. ತನ್ನ ಹೆಸರು ಅಪಶಕುನವೆಂದು ಅವನಿಗೆ ಬೇಸರ. "ಒಳ್ಳೆಯ ಹೆಸರು ಹುಡುಕಿಕೊಂಡು ಬಾ, ಅದನ್ನೇ ಇಡುತ್ತೇನೆ" ಎಂದರು ಗುರುಗಳು. ದಾರಿಯಲ್ಲಿ ಒಂದು ಹೆಣ ಹೊತ್ತು ಒಯ್ಯುತ್ತಿದ್ದರು. ಸತ್ತವನ ಹೆಸರು ಜೀವಕ! ಮುಂದೆ ಒಬ್ಬ ದಾಸಿಯನ್ನು ಕೂಲಿ ತರಲಿಲ್ಲವೆಂದು ಹೊಡೆಯುತ್ತಿದ್ದರು. ಅವಳ ಹೆಸರು ಧನಪಾಲಿ! ಇನ್ನೂ ಮುಂದೆ ದಾರಿ ತಪ್ಪಿ ಅಲೆಯುವ ಒಬ್ಬ ಸಿಕ್ಕ. ಅವನು ದಾರಿಗ ಎಂಬ ಅರ್ಥದ ಪಂಥಕ! ಹೆಸರು ಗುರುತಿಗೆ ಮಾತ್ರ ಎಂದು ತಿಳಿದು ಪಾಪಕ ತನ್ನ ಹೆಸರಿನೊಂದಿಗೇ ವಾಪಸಾದ.

ಹಾಗಾದರೆ ಹೆಸರಿನ ಚಿಂತೆಯೇ ವ್ಯರ್ಥವೇ? ಇಲ್ಲಿ ಎಚ್ಚರಿಕೆ ಬೇಕು. ಪಾಪಕನ ಹೆಸರು ಕೇಳಿ ಯಾರೂ ಅವನನ್ನು ಬಾವಿಯಿಂದ ಓಡಿಸಲಿಲ್ಲ, ತರಗತಿಯ ಹೊರಗೆ ಕೂರಿಸಲಿಲ್ಲ. ಅವನದು ಮನಸ್ಸಿನ ಕಿರಿಕಿರಿ. ನಮ್ಮವರದು ಹೊರಗಿನಿಂದ ಬಿದ್ದ ಸಂಕೋಲೆ. ಕಿರಿಕಿರಿಯನ್ನು ಅರಿವಿನಿಂದ ಬಿಡಬೇಕು, ಸಂಕೋಲೆಯನ್ನು ಕೈಯಿಂದ ಕಳಚಬೇಕು. ಬಾಬಾಸಾಹೇಬರು 'ಅವೇ ಫ್ರಮ್ ದಿ ಹಿಂದೂಸ್' ಬರಹದಲ್ಲಿ ಇದನ್ನೇ ವಿಚಾರಿಸಿದ್ದಾರೆ. ಹೆಸರಿನ ಪ್ರಶ್ನೆ ದೊಡ್ಡದು ಎಂದು ಒಪ್ಪುತ್ತಲೇ, ಹಳೆಯ ಚೌಕಟ್ಟಿನೊಳಗೆ ಇದ್ದುಕೊಂಡು ಹೆಸರು ಬದಲಿಸಿದರೆ ಫಲವಿಲ್ಲ, ಚೌಕಟ್ಟಿನಿಂದಲೇ ಹೊರಬರಬೇಕು ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಹೊರಬಂದೂ ತೋರಿಸಿದರು.

*ಇಟ್ಟ ಹೆಸರು, ಪಡೆದ ಹೆಸರು*

ಶ್ರಾವಸ್ತಿಯ ಸುದತ್ತನಿಗೆ ಹೆತ್ತವರು ಇಟ್ಟದ್ದು ಮೂರಕ್ಷರ. ದಿಕ್ಕಿಲ್ಲದವರಿಗೆ ಅನ್ನ ಹಾಕಿ ಅವನು ಅನಾಥಪಿಂಡಿಕನಾದ. ಅಹಿಂಸಕ ಎಂಬ ಚೆಂದದ ಹೆಸರಿನ ಹುಡುಗ ಕೊಲೆಗಳನ್ನು ಮಾಡಿ ಅಂಗುಲಿಮಾಲನಾದ. ಕೌಶಾಂಬಿಯ ಅರಮನೆಯ ದಾಸಿ ಖುಜ್ಜುತ್ತರೆ. ಖುಜ್ಜಾ ಎಂದರೆ ಗೂನುಬೆನ್ನಿನವಳು. ಮೈಯ ಊನವನ್ನೇ ಹೆಸರಿಗೆ ಅಂಟಿಸಿದ್ದರು. ಆದರೆ ಬಹುಶ್ರುತ ಉಪಾಸಿಕೆಯರಲ್ಲಿ ಈಕೆಯೇ ಮೊದಲಿಗಳು ಎಂದರು ಭಗವಾನರು. ಇತಿವುತ್ತಕದ ಬೋಧನೆಗಳು ನಮಗೆ ಉಳಿದದ್ದು ಆಕೆಯ ನೆನಪಿನಿಂದ ಎನ್ನುತ್ತದೆ ಪರಂಪರೆ. ಆದ್ದರಿಂದ ಮಗಳಿಗೆ ಉತ್ಪಲವರ್ಣ ಎಂದು ಹೆಸರಿಡುವವರು ಅಜ್ಜಿ ತಿಪ್ಪಮ್ಮನ ಹೆಸರು ಹೇಳಲು ನಾಚಬೇಕಿಲ್ಲ.

ಇನ್ನೊಂದು ನೋವಿನ ನೆನಪು. ಬಾಬಾಸಾಹೇಬ ಮತ್ತು ರಮಾಬಾಯಿಯವರು ಒಬ್ಬ ಮಗನಿಗೆ ರಾಜರತ್ನ ಎಂದು ಹೆಸರಿಟ್ಟಿದ್ದರು. ಎಂಥ ಹೆಸರು! 1926ರಲ್ಲಿ ಆ ಕೂಸು ತೀರಿಕೊಂಡಿತು. ಅವರ ಐದು ಮಕ್ಕಳಲ್ಲಿ ಉಳಿದವರು ಯಶವಂತರೊಬ್ಬರೇ. ಹೆಸರು ಮಗುವನ್ನು ಕಾಯುವುದಿಲ್ಲ. ಲಸಿಕೆ, ಹಾಲು, ಅನ್ನ, ಅಕ್ಷರ ಕಾಯುತ್ತವೆ.

*ಮನೆಯಲ್ಲಿ ಮಾಡಬೇಕಾದದ್ದು*

ಹೆಸರಿನ ಮೊದಲಕ್ಷರಕ್ಕಾಗಿ ಜೋಯಿಸರ ಪಂಚಾಂಗ ಕೇಳಬೇಡಿ. ತ್ರಿಸರಣ, ಪಂಚಶೀಲ ಹೇಳಿ ಮನೆಯವರೇ ಹೆಸರಿಡಿ. ಅರ್ಥ ತಿಳಿದು ಇಡಿ, ಮಗು ಕೇಳಿದಾಗ ಹೇಳಲು ಬರಬೇಕು. ಜನನ ನೋಂದಣಿಯಲ್ಲಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಗುಣಿತ ಒಂದೇ ರೀತಿ ಇರಲಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು ಅದೇ ಪತ್ರ ಆಧಾರ. ಉದ್ದನೆಯ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಎಸ್ಸೆಸ್ಸೆಲ್ಸಿ ಹೊತ್ತಿಗೆ ಅಲೆದಾಟ.

ಮುಖ್ಯವಾದದ್ದು, ಇಟ್ಟ ಹೆಸರನ್ನು ಪೂರ್ತಿ ಕರೆಯಿರಿ. ಧಮ್ಮಪ್ರಿಯ ಮೂರನೇ ದಿನಕ್ಕೆ 'ಗುಂಡ' ಆದರೆ ಅಷ್ಟು ಹುಡುಕಿದ್ದು ಯಾತಕ್ಕೆ?

*ಇಂದಿನ ಅಭ್ಯಾಸ*

ನಮಗಿಂತ ಕೆಳಗಿನವರೆಂದು ನಾವು ಎಣಿಸಿಕೊಂಡ ಕೇರಿಯ ಹಿರಿಯರನ್ನು, ಬೀದಿ ಗುಡಿಸುವ ತಾಯಿಯನ್ನು ನಾವು ಹೇಗೆ ಕರೆಯುತ್ತೇವೆ? ಇವತ್ತು ಅವರಲ್ಲಿ ಒಬ್ಬರ ಪೂರ್ತಿ ಹೆಸರು ಕೇಳಿ ತಿಳಿದು, ಅಪ್ಪ ಅಥವಾ ಅಮ್ಮ ಸೇರಿಸಿ, ಬಹುವಚನದಲ್ಲಿ ಮಾತಾಡಿಸಿ. ನಮಗೆ ಸಿಗದ ಎರಡಕ್ಷರವನ್ನು ನಾವು ಇನ್ನೊಬ್ಬರಿಗೆ ಕೊಡದೆ ಉಳಿಸಿಕೊಂಡರೆ, ಮಗುವಿಗೆ ಬೋಧಿಸತ್ವ ಎಂದು ಹೆಸರಿಟ್ಟೂ ಪ್ರಯೋಜನವಿಲ್ಲ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ. 🙏