ಬಾರದ ದಿನದ ಸಂಬಳ





ಇದು 2021ರ ಮೇ ತಿಂಗಳ ಕೊನೆಯ ವಾರ. ಬುಧವಾರ ಬುದ್ಧ ಪೂರ್ಣಿಮೆ. ಈ ಸಲವೂ ವಿಹಾರದಲ್ಲಿ ಸೇರುವಂತಿಲ್ಲ, ಮನೆಯಲ್ಲೇ ತಿಸರಣ, ಪಂಚಶೀಲ ಹೇಳಿಕೊಳ್ಳಬೇಕು. ಅದಾಗಿ ನಾಲ್ಕೈದು ದಿನಕ್ಕೆ ತಿಂಗಳು ಮುಗಿಯುತ್ತದೆ, ಸಂಬಳ ಕೊಡುವ ದಿನ ಬರುತ್ತದೆ. ನಮ್ಮ ಬಳಗದ ಸೋದರಿಯೊಬ್ಬರು ಮೊನ್ನೆ ಫೋನು ಮಾಡಿ ಕೇಳಿದರು: "ಟೀಚರ್, ನಮ್ಮನೆಗೆ ಕೆಲಸಕ್ಕೆ ಬರ್ತಿದ್ದ ಅಕ್ಕ ಏಪ್ರಿಲ್ ಕೊನೆಯಿಂದ ಬಂದಿಲ್ಲ. ಬಸ್ಸಿಲ್ಲ, ಪೊಲೀಸರು ಬಿಡಲ್ಲ, ನಾವೂ ಸದ್ಯಕ್ಕೆ ಬರೋದು ಬೇಡ ಅಂದ್ವಿ. ಈ ತಿಂಗಳು ಪೂರ್ತಿ ಸಂಬಳ ಕೊಡಬೇಕಾ? ಕೊಟ್ರೆ ಅದು ದಾನ ಆಗುತ್ತಲ್ವಾ?"

ಪ್ರಶ್ನೆಯ ಎರಡನೆಯ ಭಾಗ ನನ್ನನ್ನು ಯೋಚನೆಗೆ ಹಚ್ಚಿತು. ಕೊಡಬೇಕೇ ಎಂಬುದಕ್ಕಿಂತ, ಏನೆಂದು ಕೊಡಬೇಕು ಎಂಬುದು ದೊಡ್ಡ ಪ್ರಶ್ನೆ. ಇಂದಿನ ಚಿಂತನೆ ಅದರ ಬಗ್ಗೆ.

ಮೊದಲು ನನ್ನ ಸಂಬಳದಿಂದಲೇ ಶುರು ಮಾಡುತ್ತೇನೆ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಕಳೆದ ವರ್ಷದ ಮಾರ್ಚಿನಿಂದ ಈಚೆಗೆ ಶಾಲೆ ತೆರೆದ ದಿನಗಳಿಗಿಂತ ಮುಚ್ಚಿದ ದಿನಗಳೇ ಹೆಚ್ಚು. ವಿದ್ಯಾಗಮ, ಸಮೀಕ್ಷೆ, ಕೋವಿಡ್ ಕರ್ತವ್ಯ ಎಂದು ದುಡಿದದ್ದೂ ಉಂಟು. ಯಾವ ಕೆಲಸವೂ ಇಲ್ಲದೆ ಮನೆಯಲ್ಲಿ ಕೂತ ವಾರಗಳೂ ಉಂಟು. ಆ ವಾರಗಳ ಸಂಬಳವೂ ಖಾತೆಗೆ ಬಂತು. ಅದನ್ನು ಯಾರೂ ದಾನ ಎನ್ನಲಿಲ್ಲ. ನಾನು ಯಾರ ಮುಂದೆಯೂ ಕೈಮುಗಿದು ನಿಂತು ಅದನ್ನು ಪಡೆಯಲಿಲ್ಲ. ಶಾಲೆ ಮುಚ್ಚಿದ್ದು ನನ್ನಿಂದಲ್ಲ, ಶಾಲೆ ತೆರೆದ ದಿನ ನಾನು ಹಾಜರಿರುತ್ತೇನೆ, ಅದಕ್ಕೇ ನನ್ನ ಸಂಬಳ ನಿಲ್ಲಲಿಲ್ಲ. ಇದು ನ್ಯಾಯ ಎಂದು ನಾನು ಒಪ್ಪಿದ್ದೇನೆ. ಒಪ್ಪಿದ ಮೇಲೆ ಈ ನ್ಯಾಯ ನನ್ನ ಮನೆಯ ಬಾಗಿಲವರೆಗೆ ಮಾತ್ರ ಬಂದು ಅಲ್ಲೇ ನಿಲ್ಲುವುದು ಹೇಗೆ?

ನಮ್ಮ ಮನೆಗೆ ಬರುವ ಅಕ್ಕ ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಪಾತ್ರೆ ತೊಳೆದು, ಕಸ ಗುಡಿಸಿ, ನೆಲ ಒರೆಸುತ್ತಾರೆ. ತಿಂಗಳಿಗೆ 2,500 ರೂಪಾಯಿ. ದಿನಕ್ಕೆ ಭಾಗಿಸಿದರೆ 83 ರೂಪಾಯಿ ಚಿಲ್ಲರೆ. ದಿನದ ಲೆಕ್ಕದಲ್ಲಿ ಅವರನ್ನು ಕರೆದಿದ್ದರೆ ಅವರು ದಿನಗೂಲಿಯವರು. ಆಗ ಯಾವ ದಿನ ಹೆಚ್ಚು ಕೂಲಿ ಸಿಗುತ್ತದೋ ಅಲ್ಲಿಗೆ ಹೋಗುವ ಸ್ವಾತಂತ್ರ್ಯ ಅವರಿಗಿರುತ್ತಿತ್ತು. ತಿಂಗಳ ಲೆಕ್ಕ ಎಂದು ಮಾತಾಡಿದ ದಿನವೇ ಅವರು ಆ ಒಂದೂವರೆ ಗಂಟೆಯನ್ನು ನಮ್ಮ ಮನೆಗೆಂದು ಕಟ್ಟಿಟ್ಟರು, ಬೇರೆ ಮನೆಯವರು ಆ ಹೊತ್ತಿಗೆ ಕರೆದರೆ ಆಗುವುದಿಲ್ಲ ಎಂದರು. ತಿಂಗಳ ಸಂಬಳದಲ್ಲಿ ಕೆಲಸದ ಬೆಲೆಯೂ ಇದೆ, ಕಟ್ಟಿಟ್ಟ ಹೊತ್ತಿನ ಬೆಲೆಯೂ ಇದೆ. ಲಾಕ್‌ಡೌನ್ ಕೆಲಸವನ್ನು ನಿಲ್ಲಿಸಿತು. ಆ ಹೊತ್ತು ಈಗಲೂ ನಮ್ಮ ಹೆಸರಿನಲ್ಲೇ ಇದೆ. ಬೀಗ ತೆರೆದ ಮರುದಿನ ಅವರು ಬರಲಿ ಎಂದೇ ನಾವೆಲ್ಲ ಕಾಯುತ್ತಿದ್ದೇವೆ.

ಭಗವಾನರು ರಾಜಗೃಹದಲ್ಲಿ ಸಿಗಾಲನೆಂಬ ಗೃಹಸ್ಥರ ಮಗನಿಗೆ ಹೇಳಿದ ಉಪದೇಶ ನಮಗೆಲ್ಲ ಗೊತ್ತು. ಮಿಂದು ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಹುಡುಗನಿಗೆ ಅವರು ದಿಕ್ಕುಗಳ ಅರ್ಥವನ್ನೇ ಬದಲಿಸಿ ಹೇಳಿದರು. ಮೂಡಣ ದಿಕ್ಕು ತಂದೆತಾಯಿ, ತೆಂಕಣ ಗುರುಗಳು, ಪಡುವಣ ಮಡದಿ ಮಕ್ಕಳು, ಬಡಗಣ ಗೆಳೆಯರು, ಮೇಲಿನ ದಿಕ್ಕು ಸಮಣರು. ಕೆಳಗಿನ ದಿಕ್ಕು ನಮಗಾಗಿ ದುಡಿಯುವವರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಗೃಹಸ್ಥರ ವಿನಯವನ್ನು ಹೇಳುವಾಗ ಒಡೆಯ ಮತ್ತು ಸೇವಕರ ನಡುವಿನ ವಿನಯಕ್ಕೆ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ.

ಅಲ್ಲಿ ಕೆಲಸ ಮಾಡಿಸಿಕೊಳ್ಳುವವನ ಮೇಲೆ ಐದು ಹೊಣೆಗಳಿವೆ. ಶಕ್ತಿಗೆ ತಕ್ಕ ಕೆಲಸ ಕೊಡುವುದು. ಊಟ ಮತ್ತು ಸಂಬಳ ಕೊಡುವುದು. ಕಾಯಿಲೆ ಬಿದ್ದಾಗ ಆರೈಕೆ ಮಾಡುವುದು. ಮನೆಯಲ್ಲಿ ಮಾಡಿದ ವಿಶೇಷ ಅಡುಗೆಯನ್ನು ಹಂಚಿಕೊಳ್ಳುವುದು. ಕಾಲಕಾಲಕ್ಕೆ ಬಿಡುವು ಕೊಡುವುದು. ಈ ಪಟ್ಟಿಯನ್ನು ಮಕ್ಕಳಿಗೆ ಪಾಠ ಮಾಡುವಂತೆ ಒಂದೊಂದಾಗಿ ನೋಡಿ. ಮೂರನೆಯದೂ ಐದನೆಯದೂ ಕೆಲಸ ನಡೆಯದ ದಿನಗಳಿಗೆ ಸೇರಿದವು. ಕಾಯಿಲೆಯಾದವರು ಕೆಲಸ ಮಾಡುವುದಿಲ್ಲ, ಬಿಡುವಿನಲ್ಲಿದ್ದವರೂ ಮಾಡುವುದಿಲ್ಲ. ಆದರೂ ಹೊಣೆ ಮುಗಿಯಲಿಲ್ಲ. ಅಂದರೆ ಕೆಲಸ ನಿಂತ ದಿನವೂ ಸಂಬಂಧ ನಿಲ್ಲುವುದಿಲ್ಲ ಎಂಬ ತಿಳಿವು ಆ ಉಪದೇಶದೊಳಗೇ ಇದೆ. ದುಡಿಯುವವರಿಗೂ ಅಲ್ಲಿ ಐದು ಹೊಣೆಗಳಿವೆ, ಒಪ್ಪಿಕೊಂಡ ಕೆಲಸವನ್ನು ಚೆನ್ನಾಗಿ ಮಾಡುವುದು ಅವುಗಳಲ್ಲಿ ಒಂದು. ಎರಡೂ ಕಡೆಗೆ ಕರ್ತವ್ಯವಿರುವಲ್ಲಿ ದಾನದ ಮಾತಿಗೆ ಎಡೆಯಿಲ್ಲ. ಸಂಬಳ ಕೊಡುವುದು ಆ ಐದರಲ್ಲಿ ಒಂದು. ದಾನಪಾರಮಿಯ ಲೆಕ್ಕ ಬೇರೆ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಕಳೆದ ವರ್ಷ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಲಾಕ್‌ಡೌನ್ ಅವಧಿಯ ಕೂಲಿಯನ್ನು ಕಡಿತ ಮಾಡದೆ ಕೊಡಬೇಕೆಂದು ಆದೇಶಿಸಿತು. ಆ ಆದೇಶ ಉದ್ದಿಮೆ, ಅಂಗಡಿ, ವಾಣಿಜ್ಯ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಮನೆಗಳ ಮಾತು ಅದರಲ್ಲಿರಲಿಲ್ಲ. ಮೇ 18ರಿಂದ ಆ ಆದೇಶವೂ ಜಾರಿಯಲ್ಲಿ ಉಳಿಯಲಿಲ್ಲ. ನಮ್ಮ ರಾಜ್ಯ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತು ಮಾಡಿದೆ. ಆದರೆ ಎಷ್ಟು ಮನೆಗಳಲ್ಲಿ ಅದನ್ನು ನೋಡಿ ಸಂಬಳ ಮಾತಾಡುತ್ತಾರೆ? ಈ ತಿಂಗಳ 19ರಂದು ಮುಖ್ಯಮಂತ್ರಿಗಳು ಪ್ರಕಟಿಸಿದ ನೆರವಿನಲ್ಲಿ ಮನೆಗೆಲಸದವರಿಗೆ 2,000 ರೂಪಾಯಿ ಇದೆ, ಸಂತೋಷ. ಕಳೆದ ವರ್ಷದ ಮೇ ತಿಂಗಳಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೊ ಚಾಲಕರಿಗೆ 5,000 ಘೋಷಿಸಿದಾಗ ಇವರ ಹೆಸರು ಬಂದಿರಲಿಲ್ಲ. ಆದರೆ "ಸರ್ಕಾರ ಕೊಡ್ತಲ್ಲ" ಎಂದು ನಾವು ಕೈಬಿಡುವಂತಿಲ್ಲ. ಸರ್ಕಾರದ ಹಣ ಕಷ್ಟಕಾಲದ ನೆರವು. ಸಂಬಳ ನಾವು ಮಾತು ಕೊಟ್ಟ ಹಣ. ಕಾನೂನು ಬಾಗಿಲು ತಟ್ಟದ ಜಾಗದಲ್ಲೇ ಶೀಲಕ್ಕೆ ಕೆಲಸ ಇರುವುದು.

ಇನ್ನು ಕೇಳಿಬರುವ ಆಕ್ಷೇಪಗಳು. "ಈಗ ಆ ಕೆಲಸವನ್ನೆಲ್ಲ ನಾವೇ ಮಾಡ್ತಿದ್ದೀವಲ್ಲ" ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರು ಬೆಳಿಗ್ಗೆ ಸಂಜೆ ನಾಯಿ ಸುತ್ತಾಡಿಸಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದರು. ಈಗ ತಾವೇ ನಾಯಿಯನ್ನು ಮಹಡಿಯ ಮೇಲೆ ಓಡಾಡಿಸುತ್ತಾರೆ. ನಾಯಿಗೆ ಒಂದು ಹೊತ್ತೂ ಊಟ ತಪ್ಪಿಲ್ಲ, ತಪ್ಪಲೂಬಾರದು. ಆ ಹುಡುಗನ ಮನೆಯಲ್ಲೂ ಒಲೆ ಉರಿಯಬೇಕು ಎಂಬುದು ನೆನಪಿಗೆ ಬಂದರೆ ಅವರ ಕರುಣೆ ಪೂರ್ತಿಯಾಗುತ್ತದೆ. ನಾವು ನೆಲ ಒರೆಸಿಕೊಂಡದ್ದು ನಮ್ಮ ಮನೆಯ ನೆಲವನ್ನು. ಅದರಿಂದ ಅಕ್ಕನ ಮನೆ ಬಾಡಿಗೆ ಕಡಿಮೆಯಾಗಲಿಲ್ಲ.

"ನಾಲ್ಕು ಮನೆ ಮಾಡ್ತಾರೆ, ಬೇರೆಯವರು ಕೊಟ್ಟಿರ್ತಾರೆ" ಎನ್ನುತ್ತಾರೆ. ಆ ಮೂರು ಮನೆಯವರೂ ಹೀಗೇ ಅಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕದ ಮೇಷ್ಟರು ಬೇಕಿಲ್ಲ. "ಅವರು ಕೇಳಲೇ ಇಲ್ಲ" ಎನ್ನುತ್ತಾರೆ. ಕೇಳಿದರೆ ಕೆಲಸವೇ ಹೋದೀತು ಎಂದು ಹೆದರಿದವರು ಕೇಳುವುದಿಲ್ಲ. ನಮ್ಮ ಹಿರಿಯರೂ ಕೇಳದೆ ಎಷ್ಟೋ ಕಾಲ ಕಳೆದರು. ಅವರ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡವರು ಯಾರು ಎಂಬುದು ನಮಗೆ ಗೊತ್ತಿದೆ.

ಇಲ್ಲಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬಂದೆ. ಸಂಬಳವಿಲ್ಲದ ದುಡಿಮೆಗೆ ನಮ್ಮ ಭಾಷೆಯಲ್ಲಿ ಬಿಟ್ಟಿ ಎಂಬ ಪದವಿದೆ. ನನ್ನ ಅಜ್ಜಿ ಊರ ದೊಡ್ಡ ಮನೆಯ ಕೊಟ್ಟಿಗೆ ಬಾಚುತ್ತಿದ್ದರು. ದಿನಕ್ಕೆ ಸಿಗುತ್ತಿದ್ದದ್ದು ತಂಗಳು, ಸುಗ್ಗಿಗೆ ಒಂದಿಷ್ಟು ರಾಗಿ. ಅದನ್ನು ಕೊಡುವಾಗಲೂ ಕೂಲಿ ಎಂದು ಕೊಡುತ್ತಿರಲಿಲ್ಲ, ದೊಡ್ಡ ಮನಸ್ಸು ಮಾಡಿ ಕೊಟ್ಟಂತೆ ಕೊಡುತ್ತಿದ್ದರು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ಮಂಡಿಸಿದರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ವತನದಾರ ಹಗಲೂ ರಾತ್ರಿ ಕರೆದಾಗ ಹೋಗಬೇಕಿತ್ತು. ಆತ ಬರಲಾಗದಿದ್ದರೆ ಮನೆಯ ಇನ್ನೊಬ್ಬರು ಹೋಗಿ ದುಡಿಯಬೇಕಿತ್ತು. ಇಂದು "ನಿನಗೆ ಬರಕ್ಕಾಗದಿದ್ರೆ ಮಗಳನ್ನ ಕಳಿಸು" ಎಂದು ಹೇಳುವ ಮನೆಗಳಿವೆ. ಆ ಮಗಳು ನನ್ನ ತರಗತಿಯಲ್ಲಿ ಇರಬೇಕಾದವಳು. ಮಾತು ಎಲ್ಲಿಂದ ಬಂತೆಂದು ಹೇಳುವವರು ಒಮ್ಮೆ ಯೋಚಿಸಬೇಕು.

ಅದೇ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ ಕಾರ್ಖಾನೆ ಕಾರ್ಮಿಕರಿಗೆ ಸಂಬಳಸಹಿತ ರಜೆ ಕೊಡುವ ತಿದ್ದುಪಡಿ ತಂದರು. 1945ರಲ್ಲಿ ಅದು ಕಾಯ್ದೆಯಾಯಿತು. ಬಾರದ ದಿನಕ್ಕೂ ಸಂಬಳ ಉಂಟು ಎಂಬ ಮಾತನ್ನು ಉಪಕಾರದಿಂದ ಹೊರಗೆ ತಂದು ಹಕ್ಕಿನ ಪಟ್ಟಿಗೆ ಸೇರಿಸಿದವರು ಅವರು. ನಮ್ಮಲ್ಲಿ ಯಾರ ಮನೆಯ ಗೋಡೆಯ ಮೇಲೆ ಅವರ ಚಿತ್ರವಿಲ್ಲ? ಆ ಚಿತ್ರದ ಕೆಳಗೆ ನೆಲ ಒರೆಸುವವರು ಹೆಚ್ಚಾಗಿ ನಮ್ಮ ಕೇರಿಯವರೇ, ನಮ್ಮಷ್ಟು ಓದಲು ಆಗದವರು.

ಇನ್ನೊಂದು ಎಚ್ಚರಿಕೆ. ಕೆಲವರು ಹಣ ಕೊಡುತ್ತಾರೆ, ಆದರೆ "ಇದು ಅಡ್ವಾನ್ಸು, ಆಮೇಲೆ ತಿಂಗಳು ತಿಂಗಳು ಹಿಡ್ಕೊಳ್ತೀವಿ" ಎನ್ನುತ್ತಾರೆ. ಕೇಳಲು ಉದಾರ ಮಾತು. ಆದರೆ ಮುಂದೆ ದುಡಿದು ತೀರಿಸಬೇಕಾದ ಮುಂಗಡಕ್ಕೆ ನಮ್ಮ ಹಿಂದಿನವರು ಯಾವ ಹೆಸರಿಟ್ಟಿದ್ದರು? ಜೀತ ಶುರುವಾಗುತ್ತಿದ್ದದ್ದೇ ಹಾಗೆ, ಮದುವೆಗೋ ಕಾಯಿಲೆಗೋ ತಂದ ಸಣ್ಣ ಸಾಲದಿಂದ. 1976ರ ಕಾಯ್ದೆ ಅದನ್ನು ನಿಷೇಧಿಸಿತು. ಒಂದು ತಿಂಗಳ ಮುಂಗಡವನ್ನು ಜೀತ ಎಂದು ನಾನು ಹೇಳುತ್ತಿಲ್ಲ. ಆದರೆ ತಾನು ಮಾಡದ ತಪ್ಪಿಗೆ ಒಬ್ಬ ಹೆಣ್ಣುಮಗಳು ಸಾಲಗಾರಳಾಗಿ, ಬೇರೆ ಮನೆಯಲ್ಲಿ ಹೆಚ್ಚು ಸಂಬಳ ಸಿಕ್ಕರೂ ಹೋಗಲಾಗದಂತೆ ಸಿಕ್ಕಿಕೊಂಡರೆ, ಆ ದಾರಿ ಯಾವ ಊರಿಗೆ ಹೋಗುತ್ತದೆಂದು ನಮಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ? ಸಂಬಳ ಎಂದರೆ ಸಂಬಳವೆಂದೇ ಕೊಡಿ. ಅವರು ಕಷ್ಟಕ್ಕೆಂದು ಬೇರೆ ಸಾಲ ಕೇಳಿದರೆ ಅದು ಬೇರೆ ಮಾತು.

ನಿಜವಾಗಿ ಕೊಡಲಾಗದವರೂ ನಮ್ಮ ನಡುವೆ ಇದ್ದಾರೆ. ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ನನ್ನ ಗೆಳತಿಗೆ ತಿಂಗಳುಗಳಿಂದ ಸಂಬಳವಿಲ್ಲ. ಆಟೊ ಓಡಿಸುವ ತಮ್ಮಂದಿರ ಗಾಡಿ ನಿಂತಿದೆ. ಕೋವಿಡ್ ಆಸ್ಪತ್ರೆಯ ಬಿಲ್ಲಿಗೆ ಒಡವೆ ಇಟ್ಟವರಿದ್ದಾರೆ. ಧಮ್ಮ ಯಾರ ಮೇಲೂ ಶಕ್ತಿ ಮೀರಿದ ಭಾರ ಹೊರಿಸುವುದಿಲ್ಲ. ಐದು ಹೊಣೆಗಳಲ್ಲಿ ಮೊದಲನೆಯದೇ ಶಕ್ತಿಗೆ ತಕ್ಕಂತೆ ಎಂಬುದು, ಅದು ಕೊಡುವವರಿಗೂ ಅನ್ವಯಿಸಲಿ. ನಮಗೆ ಪೂರ್ತಿ ಬಂದರೆ ಪೂರ್ತಿ ಕೊಡೋಣ. ಅರ್ಧ ಬಂದರೆ ಅರ್ಧ. ಏನೂ ಬಾರದಿದ್ದರೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿ, ಕೆಲಸ ನಿಮ್ಮದೇ ಎಂದು ಭರವಸೆ ಕೊಡೋಣ. ಅದು ಸಮ್ಮಾ ವಾಚಾ. ಫೋನು ಎತ್ತದೆ ತಿಂಗಳು ದೂಡುವುದು ಸಮ್ಮಾ ವಾಚಾ ಅಲ್ಲ.

ದಿನಸಿ ಕಿಟ್ ಕೊಡಬೇಕೆನಿಸಿದರೆ ಕೊಡಿ, ಅದು ದಾನ, ಒಳ್ಳೆಯದು. ಆದರೆ ಕಿಟ್ಟಿನ ಬೆಲೆಯನ್ನು ಸಂಬಳದಲ್ಲಿ ಕಳೆಯಬೇಡಿ. ಕೊಟ್ಟ ಫೋಟೊವನ್ನು ಗುಂಪಿಗೆ ಹಾಕಬೇಡಿ. ನನ್ನ ಸಂಬಳ ಬಂದ ದಿನ ಖಜಾನೆಯವರು ನನ್ನ ಫೋಟೊ ತೆಗೆಯುವುದಿಲ್ಲ.

ಕೊನೆಗೆ ಸೋದರಿಗೆ ನನ್ನ ಉತ್ತರ ಇಷ್ಟೇ. ಕೊಡಿ, ಒಂದನೇ ತಾರೀಕಿಗೇ ಕೊಡಿ, ದಾನವೆಂದು ಕೊಡಬೇಡಿ. ಎರಡನೆಯ ಶೀಲದಲ್ಲಿ ಕೊಡದಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾವು ಮಾತು ಕೊಡುತ್ತೇವೆ. ಇನ್ನೊಬ್ಬರಿಗೆ ಸೇರಬೇಕಾದ್ದನ್ನು ನಮ್ಮ ಡಬ್ಬಿಯಲ್ಲೇ ಉಳಿಸಿಕೊಳ್ಳುವುದೂ ಆ ಶೀಲಕ್ಕೆ ಹತ್ತಿರದ ವಿಷಯ ಎಂದು ನನಗನಿಸುತ್ತದೆ. ಬುಧವಾರ ಪಂಚಶೀಲ ಹೇಳುವಾಗ ಆ ಸಾಲಿನ ಬಳಿ ಒಂದು ಉಸಿರು ನಿಂತು, ಕೆಳಗಿನ ದಿಕ್ಕಿನಲ್ಲಿ ಯಾರ ಲೆಕ್ಕ ಬಾಕಿ ಇದೆ ಎಂದು ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈಭೀಮ್.